ಶಿರಸಿ ಮಳೆಯಲ್ಲಿ ಮನೆ ಸರ್ವರ್ ಉಳಿಯುತ್ತಾ?

ಓದುಗರ ಪ್ರಶ್ನೆ: ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹಂಚಿನ ಮನೆ, ಸುತ್ತ ಅಡಿಕೆ ತೋಟ. ಫೈಬರ್ ಇಂಟರ್ನೆಟ್ ಬಂದಿದೆ. ಮನೆಯವರ ಫೋಟೊ, ವಿಡಿಯೊ ಎಲ್ಲ ಸೇರಿ ಹತ್ತಿರ ಹತ್ತಿರ 300 ಜಿಬಿ ಆಗಿದೆ. ಒಂದಷ್ಟು ಗೂಗಲ್‌ನಲ್ಲಿ, ಉಳಿದಿದ್ದು ಹಳೇ ಫೋನುಗಳಲ್ಲಿ. ಗೂಗಲ್ ಜಾಗ ತುಂಬಿದೆ ಅಂತ ದಿನಾ ಎಚ್ಚರಿಕೆ ಬರುತ್ತದೆ. 8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್ ಒಂದು ಸುಮ್ನೆ ಬಿದ್ದಿತ್ತು. ಅದಕ್ಕೆ ಲಿನಕ್ಸ್ ಹಾಕಿ ಇಮ್ಮಿಚ್ (ಗೂಗಲ್ ಫೋಟೋಸ್ ತರಹದ್ದೇ, ಆದರೆ ಮನೆಯಲ್ಲೇ ನಡೆಯುವ ಫೋಟೊ ತಂತ್ರಾಂಶ) ಕೂರಿಸಿದೆ. ಮನೆಯೊಳಗೆ ಚೆನ್ನಾಗಿ ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ತಂಗಿಗೂ ಸಿಗಲಿ ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕೋರಿಕೆಯನ್ನು ಸರ್ವರಿಗೆ ಕಳಿಸುವ ನಿಯಮ) ಮಾಡಿದೆ, ಏನು ಮಾಡಿದರೂ ಹೊರಗಿನಿಂದ ತೆರೆಯುತ್ತಿಲ್ಲ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಬೇಕೇ ಬೇಕು ಅಂತಾರೆ. ಭಾವ "ಮನೇಲಿ ಸರ್ವರ್ ಇಟ್ರೆ ಹ್ಯಾಕ್ ಮಾಡ್ತಾರೆ" ಅಂತಾನೆ. ಅಪ್ಪಯ್ಯ "ಮೊದಲನೇ ಸಿಡಿಲಿಗೇ ಸುಟ್ಟು ಹೋಗ್ತದೆ ನೋಡು" ಅಂತಾರೆ. ಎರಡು ಡಿಸ್ಕ್ ಹಾಕಿ ರೇಡ್ ಮಾಡಿ (ಎರಡರಲ್ಲೂ ಒಂದೇ ಪ್ರತಿ ಇರುವಂತೆ), ಗೂಗಲ್‌ನಲ್ಲಿರುವುದನ್ನೆಲ್ಲ ಅಳಿಸಿಬಿಡೋಣ ಅಂತಿದ್ದೇನೆ. ನಮ್ಮ ಮಳೆಗೆ, ನಮ್ಮ ಕರೆಂಟಿಗೆ ಇದು ಆಗುವ ಕೆಲಸವಾ?

ಉತ್ತರ: ಆಗುವ ಕೆಲಸವೇ. ಆದರೆ ಗೂಗಲ್‌ನಲ್ಲಿರುವುದನ್ನು ಅಳಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಕನಿಷ್ಠ ಒಂದು ಮಳೆಗಾಲ ನಿಮ್ಮ ಸರ್ವರ್ ದಾಟಲಿ, ಆಮೇಲೆ ನೋಡೋಣ.

ನಿಮಗೆ ಹೇಳಿದವರಲ್ಲಿ ಎಲ್ಲರಿಗಿಂತ ಸರಿಯಾಗಿ ಹೇಳಿದ್ದು ನಿಮ್ಮ ಅಪ್ಪಯ್ಯ. ಭಾವ ಅರ್ಧ ಸರಿ. ಸ್ಟ್ಯಾಟಿಕ್ ಐಪಿ ಬೇಕೇ ಬೇಕು ಅಂದವರು ಪೂರ್ತಿ ತಪ್ಪು. ಹಾಗಾಗಿ ಸಿಡಿಲಿನಿಂದಲೇ ಶುರು ಮಾಡುತ್ತೇನೆ.

"ಈಗ ಫೈಬರ್ ಅಲ್ವಾ, ಗಾಜಿನಲ್ಲಿ ಕರೆಂಟ್ ಹರಿಯೋದಿಲ್ಲ, ಸಿಡಿಲಿನ ಭಯ ಇಲ್ಲ" ಅನ್ನುವ ಮಾತು ಕರಾವಳಿಯಲ್ಲೂ ಕೇಳುತ್ತೇನೆ, ಘಟ್ಟದ ಮೇಲೂ ಕೇಳುತ್ತೇನೆ. ಗಾಜಿನ ಎಳೆಯಲ್ಲಿ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ನಿಮ್ಮ ಮನೆಗೆ ಬರುವ ಕಪ್ಪು ಚಪ್ಪಟೆ ಕೇಬಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಸಾಮಾನ್ಯವಾಗಿ ಅದರ ಒಂದು ಅಂಚಿನಲ್ಲಿ ಗಟ್ಟಿಯಾದ ಉಕ್ಕಿನ ತಂತಿ ಇರುತ್ತದೆ, ಕೇಬಲ್ ಜೋತು ಬೀಳದಿರಲಿ ಅಂತ. ಆ ತಂತಿಯನ್ನು ಸೀದಾ ಮನೆಯೊಳಗೆ, ಮೋಡೆಮ್ ಪೆಟ್ಟಿಗೆಯ ಪಕ್ಕದವರೆಗೆ ತಂದು ಬಿಟ್ಟಿರುವ ಮನೆಗಳು ಬೇಕಾದಷ್ಟಿವೆ. ಅದನ್ನು ಗೋಡೆಯ ಹೊರಗೇ ಸೀಳಿ, ಕತ್ತರಿಸಿ, ಮೊಳೆಗೋ ಕೊಕ್ಕೆಗೋ ಕಟ್ಟಿ ನಿಲ್ಲಿಸಬೇಕು. ಒಳಗೆ ಬರಬೇಕಾದ್ದು ಗಾಜಿನ ಎಳೆ ಇರುವ ಭಾಗ ಮಾತ್ರ. ಫೈಬರ್ ಜೋಡಿಸುವ ಹುಡುಗರಿಗೆ ಹೇಳಿದರೆ ಸ್ವಲ್ಪ ಹೊತ್ತಿನಲ್ಲಿ ಮಾಡಿಕೊಡುತ್ತಾರೆ. ನೀವೇ ಕತ್ತರಿ ಹಿಡಿಯಬೇಡಿ, ಎಳೆ ತುಂಡಾದರೆ ಮತ್ತೆ ಅವರಿಗೇ ಕಾಯಬೇಕು.

ಇಷ್ಟು ಮಾಡಿದರೂ ದಾರಿ ಇನ್ನೂ ಎರಡು ಉಳಿಯುತ್ತವೆ. ಒಂದು ಕರೆಂಟ್ ಲೈನು. ಇನ್ನೊಂದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಲ್ಯಾನ್ ಕೇಬಲ್. ಸಿಡಿಲಿಗೆ ಹೋದ ರೂಟರ್ ಬಿಚ್ಚಿ ನೋಡಿದರೆ ಎಷ್ಟೋ ಸಲ ಅಡಾಪ್ಟರ್ ಚೆನ್ನಾಗಿಯೇ ಇರುತ್ತದೆ. ಲ್ಯಾನ್ ಪೋರ್ಟಿನ ಹಿಂದಿರುವ ಪುಟ್ಟ ಕಪ್ಪು ಟ್ರಾನ್ಸ್‌ಫಾರ್ಮರ್ ಒಡೆದು, ಸುತ್ತಲಿನ ಬೋರ್ಡು ಮಸಿ ಹಿಡಿದಿರುತ್ತದೆ. ಅಂದರೆ ಪೆಟ್ಟು ಬಂದಿದ್ದು ತಾಮ್ರದ ಲ್ಯಾನ್ ವಯರಿನಿಂದ. ಮನೆಯಿಂದ ಕೊಟ್ಟಿಗೆಗೋ ಗೋದಾಮಿಗೋ ಸಿಸಿ ಕ್ಯಾಮೆರಾ ಅಂತ ಹೊರಗೆ ಉದ್ದಕ್ಕೆ ಎಳೆದ ಲ್ಯಾನ್ ಕೇಬಲ್ ಇದ್ದರಂತೂ ಅದು ಸಿಡಿಲಿಗೆ ಬಾ ಅಂತ ಕರೆದಂತೆ. ಹತ್ತಿರದಲ್ಲಿ ಸಿಡಿಲು ಬಿದ್ದರೂ ಸಾಕು, ನೇರ ಬೀಳಬೇಕಂತಿಲ್ಲ. ನಿಮ್ಮಲ್ಲಿ ಅಂಥದ್ದಿದ್ದರೆ ಆ ಓಟಕ್ಕೆ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನಿಗೆ ಬದಲಿಸುವ ಪುಟ್ಟ ಪೆಟ್ಟಿಗೆ) ಇಡಿ. ಈಗ ಅದೇನು ದೊಡ್ಡ ಖರ್ಚಲ್ಲ.

ನಿಮ್ಮ ಲ್ಯಾಪ್‌ಟಾಪಿಗೆ ನಾನು ಹೇಳುವುದು ನೆಟ್‌ವರ್ಕ್ ಕೆಲಸದವರಿಗೆ ಸ್ವಲ್ಪ ವಿಚಿತ್ರ ಅನಿಸಬಹುದು. ಅದನ್ನು ವೈಫೈನಲ್ಲೇ ಇಡಿ. ಲ್ಯಾನ್ ವಯರ್ ಬೇಡ. ಸ್ವಲ್ಪ ನಿಧಾನ ಆಗುತ್ತದೆ, ಫೋಟೊ ನೋಡಲು ಅದು ಧಾರಾಳ ಸಾಕು. ಹೀಗೆ ಮಾಡಿದರೆ ಲ್ಯಾಪ್‌ಟಾಪಿಗೂ ಹೊರಜಗತ್ತಿಗೂ ಇರುವ ತಾಮ್ರದ ನಂಟು ಚಾರ್ಜರ್ ಒಂದೇ. ಮೋಡ ಕಟ್ಟಿ ಗುಡುಗು ಶುರುವಾದಾಗ ಆಯಿ ಅದೊಂದು ಪ್ಲಗ್ ಕಿತ್ತರೆ ಆಯಿತು, ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಮೋಡೆಮಿನದ್ದೂ.

ಸ್ಪೈಕ್ ಬಸ್ಟರ್ ಹಾಕಿದ್ದೇವೆ, ಇನ್ವರ್ಟರ್ ಇದೆ ಅಂತ ನಂಬಿ ಕೂರುವವರೂ ಇದ್ದಾರೆ. ಇನ್ವರ್ಟರ್ ಸಿಡಿಲು ತಡೆಯುವ ಸಾಧನವಲ್ಲ. ಸ್ಪೈಕ್ ಬಸ್ಟರಿನ ಒಳಗೆ ಹೆಚ್ಚುವರಿ ವೋಲ್ಟೇಜನ್ನು ಬೇರೆಡೆಗೆ ತಿರುಗಿಸುವ ಒಂದು ಬಿಲ್ಲೆ ಇರುತ್ತದೆ, ಪ್ರತಿ ಪೆಟ್ಟಿಗೂ ಅದು ಸವೆಯುತ್ತದೆ, ಸವೆದ ಮೇಲೂ ಕೆಂಪು ದೀಪ ಉರಿಯುತ್ತಲೇ ಇರುವ ಅಗ್ಗದ ಪೆಟ್ಟಿಗೆಗಳೇ ಜಾಸ್ತಿ. ಅದೂ ಅಲ್ಲದೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ವೋಲ್ಟೇಜ್ ಹೋಗುವುದಾದರೂ ಎಲ್ಲಿಗೆ? ನಮ್ಮದು ಚಿರೆಕಲ್ಲಿನ ನೆಲ. ಒಣಗಿದಾಗ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಸಿಡಿಲಿನ ಕಾಟ ಜೋರಿರುವುದು ಜುಲೈನ ಹುಚ್ಚು ಮಳೆಯಲ್ಲಿ ಅಲ್ಲ, ಏಪ್ರಿಲ್-ಮೇ ತಿಂಗಳ ಸಂಜೆ ಮಳೆಯಲ್ಲಿ, ಆಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ. ಅಂದರೆ ನೆಲ ಪೂರ್ತಿ ಒಣಗಿರುವ ಹೊತ್ತಿಗೇ ಮೊದಲ ಸಿಡಿಲು ಬರುತ್ತದೆ. ಯುಗಾದಿ ಮುಗಿದ ಮೇಲೆ ಅರ್ಥಿಂಗ್ ಗುಂಡಿಗೆ ಆಗಾಗ ನಾಲ್ಕು ಕೊಡ ನೀರು ಹಾಕಿ, ವಯರಿಂಗ್ ಮಾಡುವವರನ್ನು ಕರೆಸಿ ಒಮ್ಮೆ ಅಳೆಸಿ. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಬೇಕೋ ಬೇಡವೋ ಅನ್ನುವುದು ಅದಾದ ಮೇಲಿನ ಮಾತು.

ಕರೆಂಟ್ ವಿಷಯದಲ್ಲಿ ನಿಮ್ಮ ಹಳೇ ಲ್ಯಾಪ್‌ಟಾಪ್ ಹೊಸ ಡೆಸ್ಕ್‌ಟಾಪಿಗಿಂತ ಎಷ್ಟೋ ಒಳ್ಳೆಯದು. ಚಾರ್ಜರಿನ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ, ನೋಡಿ. ಲೋ ವೋಲ್ಟೇಜಿಗೆ ಅದು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಕರೆಂಟ್ ಹೋದ ತಕ್ಷಣ ಬ್ಯಾಟರಿ ಹಿಡಿದುಕೊಳ್ಳುತ್ತದೆ. ಆದರೆ ಹೊರಗಿನ ಡಿಸ್ಕ್ ತಗೊಳ್ಳುವಾಗ ಹುಷಾರು. ದೊಡ್ಡ 3.5 ಇಂಚಿನ ಡಿಸ್ಕಿಗೆ ಬೇರೆಯೇ ಅಡಾಪ್ಟರ್ ಇರುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬದುಕಿರುತ್ತದೆ, ಡಿಸ್ಕ್ ಮಾತ್ರ ಸಾಯುತ್ತದೆ, ಆಗ ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ಕಣ್ಣುಮುಚ್ಚಾಲೆ ಆಡುವ ಕರೆಂಟಿನಲ್ಲಿ ಇದು ಫೈಲ್ ಸಿಸ್ಟಮ್ಮನ್ನೇ ಕೆಡಿಸಬಹುದು. ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುವ 2.5 ಇಂಚಿನ ಡಿಸ್ಕ್ ಅಥವಾ ಎಸ್‌ಎಸ್‌ಡಿ ತಗೊಳ್ಳಿ.

ಬ್ಯಾಟರಿಗೂ ಒಂದು ಕಾಯಿಲೆ ಇದೆ. ವರ್ಷಗಟ್ಟಲೆ ನೂರಕ್ಕೆ ನೂರು ಚಾರ್ಜಿನಲ್ಲಿ, ಬಿಸಿಯಲ್ಲಿ ಇಟ್ಟರೆ ಅದು ಊದಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಚಾರ್ಜ್ ಮಿತಿ ಹಾಕಲು ಬಂದರೆ 70-80ಕ್ಕೆ ನಿಲ್ಲಿಸಿ. ಟಚ್‌ಪ್ಯಾಡ್ ಮೇಲೆದ್ದ ಹಾಗೆ ಕಂಡರೆ, ತಳ ನೆಟ್ಟಗೆ ಕೂರದೆ ಅಲುಗಾಡಿದರೆ ಅವತ್ತೇ ಬ್ಯಾಟರಿ ತೆಗೆಸಿ. ಇದರಲ್ಲಿ ಸಸಾರ ಬೇಡ, ಮರದ ಮಾಡಿನ ಮನೆ ನಿಮ್ಮದು.

ಬಿಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಥ ಲ್ಯಾಪ್‌ಟಾಪ್ ಸುಮ್ಮನಿದ್ದಾಗ ಸುಮಾರು 15 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ, ತಿಂಗಳಿಗೆ 11 ಯೂನಿಟ್ ಹತ್ತಿರ ಆಯಿತು. ದೊಡ್ಡದೇನಲ್ಲ. ಆದರೆ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ತಿಳಿದುಕೊಂಡವರಿದ್ದಾರೆ. ನಿಮ್ಮ ಮನೆಯ ಹಳೇ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿರುತ್ತಾರೆ. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. ಹೆಸ್ಕಾಂ ಬಿಲ್ ತೆಗೆದು ನಿಮ್ಮ ಮಿತಿ ಎಷ್ಟಿದೆ ನೋಡಿಕೊಳ್ಳಿ, ಆಮೇಲೆ ಮನೆಯಲ್ಲಿ ತಕರಾರು ಬರುವುದಿಲ್ಲ.

ಮಳೆಗಾಲದ ತಂಪಿಗೆ ಮದ್ದು ಅಂದರೆ ಸರ್ವರನ್ನು ಆರಿಸದೇ ಇರುವುದು. ನಡೆಯುತ್ತಿರುವ ಯಂತ್ರ ಬೆಚ್ಚಗಿರುತ್ತದೆ, ಒಳಗೆ ನೀರು ಕೂರುವುದಿಲ್ಲ. ಜೂನಿನಲ್ಲಿ ಆರಿಸಿ, ಪ್ಲಾಸ್ಟಿಕ್ ಸುತ್ತಿ, ಕಪಾಟಿನಲ್ಲಿಟ್ಟು ಸೆಪ್ಟೆಂಬರಿನಲ್ಲಿ ತೆಗೆದರೆ ಬೂಷ್ಟು ಹಿಡಿದಿರುತ್ತದೆ. ಕಾರವಾರ, ಅಂಕೋಲಾದ ಕಡೆ ಸಮುದ್ರದ ಉಪ್ಪುಗಾಳಿಯೂ ಸೇರಿ ಯುಎಸ್‌ಬಿ ತುದಿಗಳು ಹಸಿರುಗಟ್ಟುತ್ತವೆ, ನಿಮಗೆ ಆ ತೊಂದರೆ ಕಮ್ಮಿ. ನಿಮ್ಮಲ್ಲಿ ಬೇರೆ ತರಹದ್ದಿದೆ. ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಹೊತ್ತಿನ ಹೊಗೆ. ಆ ಮಸಿ ಫ್ಯಾನಿನ ರೆಕ್ಕೆಗೆ ಅಂಟಿ ತೇವ ಹೀರುತ್ತದೆ. ಎರಚಲು ಹೊಡೆಯುವ ಗೋಡೆ ಬಿಟ್ಟು, ಬಚ್ಚಲು ಬಿಟ್ಟು, ಒಳಕೋಣೆಯ ತೆರೆದ ಕಪಾಟಿನಲ್ಲಿಡಿ. ಇರುವೆ ಗೂಡು ಕಟ್ಟಿದೆಯಾ ಅಂತ ಆಗಾಗ ನೋಡಿ. ನಗಬೇಡಿ, ನಮ್ಮ ಕಡೆ ರೂಟರ್ ಕೆಡುವುದಕ್ಕೆ ಇರುವೆ, ಹಲ್ಲಿಗಳೂ ಕಾರಣ.

ಈಗ ಪೋರ್ಟ್ ಫಾರ್ವರ್ಡ್ ಯಾಕೆ ಕೆಲಸ ಮಾಡುತ್ತಿಲ್ಲ ಅನ್ನುವುದು. ರೂಟರ್ ಪುಟ ತೆರೆದು ವ್ಯಾನ್ (WAN) ಐಪಿ ಅಂತ ಇರುವ ಸಂಖ್ಯೆ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮಗೆ ನಿಮ್ಮದೇ ಅಂತ ಹೊರಗಿನ ವಿಳಾಸ ಇಲ್ಲ. ಕೆಲವು ಆಪರೇಟರುಗಳು 10ರಿಂದ ಶುರುವಾಗುವ ಸಂಖ್ಯೆ ಕೊಡುತ್ತಾರೆ, ಅರ್ಥ ಒಂದೇ. ಹಳೇ ಮಾದರಿಯ (ಐಪಿವಿ4) ವಿಳಾಸಗಳು ಇರುವುದೇ ಸುಮಾರು 430 ಕೋಟಿ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಅವು 2011ರಲ್ಲೇ ಹೆಚ್ಚುಕಡಿಮೆ ಮುಗಿದವು. ಅದಕ್ಕೇ ಆಪರೇಟರ್ ಒಂದು ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾನೆ. ಇದನ್ನೇ ಸಿಜಿನ್ಯಾಟ್ ಅನ್ನುವುದು. ಹೊರಗಿನಿಂದ ಬಂದ ಕೋರಿಕೆ ಆಪರೇಟರಿನ ಬಳಿಯೇ ನಿಲ್ಲುತ್ತದೆ, ನಿಮ್ಮ ರೂಟರಿನವರೆಗೆ ಬರುವುದೇ ಇಲ್ಲ. ನೀವು ಎಷ್ಟು ಪೋರ್ಟ್ ತೆರೆದರೂ ಅಷ್ಟೇ.

ನನ್ನ ಕೇಳಿದರೆ ಅದು ಕೆಲಸ ಮಾಡದೇ ಇದ್ದದ್ದೇ ಒಳ್ಳೆಯದಾಯಿತು. ಭಾವ ಹೇಳಿದ ಹ್ಯಾಕ್ ಬರುವುದು ಈ ದಾರಿಯಲ್ಲೇ. ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರುವುದಿಲ್ಲ, ಆದರೆ ದಣಪೆ ತೆಗೆದಿಟ್ಟರೆ ಊರಿನ ದನವೆಲ್ಲ ನುಗ್ಗುತ್ತದಲ್ಲ, ಹಾಗೆ. ಇಡೀ ಐಪಿವಿ4 ಇಂಟರ್ನೆಟ್ಟಿನಲ್ಲಿ ಒಂದು ಪೋರ್ಟನ್ನು ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡುವ ತಂತ್ರಾಂಶವನ್ನು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಮಾಡಿ ತೋರಿಸಿದ್ದಾರೆ. ಈಗ ಹಗಲೂ ರಾತ್ರಿ ಅದನ್ನೇ ಮಾಡುವ ಬಾಟ್‌ಗಳಿವೆ. 2021ರ ಜೂನಿನಲ್ಲಿ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಡಬ್ಲ್ಯೂಡಿ ಮೈ ಬುಕ್ ಲೈವ್ ಡಿಸ್ಕುಗಳು ದೂರದಿಂದಲೇ ಖಾಲಿಯಾದವು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಹೀಗೇ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ಡಿಸ್ಕ್ ಪೆಟ್ಟಿಗೆಗಳ ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಅವೆಲ್ಲ ಮನೆಗಳ, ಸಣ್ಣ ಆಫೀಸುಗಳ ಡಿಸ್ಕುಗಳೇ. ಹಾಗಾಗಿ ರೂಟರ್‌ನಲ್ಲಿ ಹಾಕಿದ ಆ ಪೋರ್ಟ್ ಫಾರ್ವರ್ಡ್ ನಿಯಮವನ್ನು ಇವತ್ತೇ ತೆಗೆದುಹಾಕಿ. ಆಪರೇಟರ್ ನಾಳೆ ಹೊರಗಿನ ವಿಳಾಸ ಕೊಟ್ಟರೆ ನಿಮಗೇ ಗೊತ್ತಿಲ್ಲದೆ ಬಾಗಿಲು ತೆರೆದಿರುತ್ತದೆ.

ತಂಗಿಗೆ ಹೇಗೆ ಸಿಗಬೇಕು ಹಾಗಾದರೆ? ನಿಮ್ಮ ಮನೆಗೆ ನಾನು ಆರಿಸುವುದು ಟೇಲ್‌ಸ್ಕೇಲ್. ಲ್ಯಾಪ್‌ಟಾಪಿನಲ್ಲೂ ತಂಗಿಯ ಫೋನಿನಲ್ಲೂ ಹಾಕಿದರೆ ಎರಡೂ ಒಂದೇ ಮನೆಯ ನೆಟ್‌ವರ್ಕಿನಲ್ಲಿದ್ದಂತೆ ಮಾತಾಡುತ್ತವೆ. ಎರಡೂ ಕಡೆಯಿಂದ ಹೊರಗೆ ಹೊರಡುವ ಸಂಪರ್ಕ ಆದ್ದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ, ಪೋರ್ಟ್ ತೆರೆಯಬೇಕಿಲ್ಲ, ಸ್ಟ್ಯಾಟಿಕ್ ಐಪಿ ಬೇಡ. ಮನೆ ಬಳಕೆಗೆ ಪುಕ್ಕಟೆ ಯೋಜನೆ ಇದೆ. ಒಳಗೆ ಹರಿಯುವುದು ವೈರ್‌ಗಾರ್ಡ್ ಗೂಢಲಿಪಿ, ನಡುವಿನ ಕಂಪನಿಗೆ ನಿಮ್ಮ ಫೋಟೊ ಕಾಣಿಸುವುದಿಲ್ಲ. ಕೊರತೆಯೂ ಇದೆ. ಯಾರು ಯಾರಿಗೆ ಸೇರಬೇಕು ಅಂತ ಹೊಂದಿಸುವ ಕೆಲಸ ಆ ಕಂಪನಿಯದ್ದೇ, ಅಂದರೆ ಅವರ ಖಾತೆಯ ಮೇಲೆ ನೀವು ನಿಂತಿರುತ್ತೀರಿ. ಆ ಖಾತೆಗೆ ಎರಡು ಹಂತದ ಲಾಗಿನ್ ಹಾಕದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನೇರ ಸಂಪರ್ಕ ಸಿಗದಾಗ ಅವರ ರಿಲೇ (ನಡುವಿನ ಸರ್ವರ್) ಮೂಲಕ ಹೋಗುತ್ತದೆ, ಆಗ ವಿಡಿಯೊ ನಿಂತು ನಿಂತು ಓಡುತ್ತದೆ.

ಕ್ಲೌಡ್‌ಫ್ಲೇರ್ ಟನೆಲ್ (ಆ ಕಂಪನಿಯ ಸರ್ವರ್ ಮೂಲಕ ನಿಮ್ಮ ಸರ್ವರನ್ನು ವೆಬ್ ಪುಟದಂತೆ ತೆರೆಯುವ ಸೇವೆ) ಹಾಕಿ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ತಂಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಸಾಕು, ಅದು ಅನುಕೂಲ. ಆದರೆ ಅವರ ಪುಕ್ಕಟೆ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡದನ್ನು ಅಪ್‌ಲೋಡ್ ಮಾಡಲು ಬಿಡುವುದಿಲ್ಲ. ಫೋಟೊ ಎಲ್ಲ ಹೋಗುತ್ತದೆ, ಮದುವೆ ವಿಡಿಯೊ ಮಾತ್ರ ಯಾಕೋ ಹೋಗುವುದೇ ಇಲ್ಲ ಅಂತ ಜನ ಒದ್ದಾಡುವುದು ಇದಕ್ಕೇ. ಮತ್ತೆ ಗೂಢಲಿಪಿ ಅವರ ಬಳಿ ಬಿಚ್ಚಿಕೊಂಡು ಮುಂದೆ ಹೋಗುತ್ತದೆ, ಲಾಗಿನ್ ಪುಟ ಇಡೀ ಜಗತ್ತಿಗೆ ಕಾಣುತ್ತದೆ. ಸ್ಟ್ಯಾಟಿಕ್ ಐಪಿ ತಗೊಂಡು ವೈರ್‌ಗಾರ್ಡ್ ಒಂದಕ್ಕೆ ಮಾತ್ರ ಪೋರ್ಟ್ ಬಿಡುವುದು ಇವೆರಡಕ್ಕಿಂತ ಸ್ವತಂತ್ರವಾದ ದಾರಿ, ನಾನೂ ಆಫೀಸುಗಳಿಗೆ ಅದನ್ನೇ ಮಾಡುತ್ತೇನೆ. ಮನೆಗೆ ಅಷ್ಟು ಖರ್ಚು ಬೇಡ.

ಯಾವುದನ್ನೇ ಹಾಕಿದರೂ ಒಂದು ಮಾತು ತಂಗಿಗೆ ಮೊದಲೇ ಹೇಳಿಡಿ. ಜುಲೈನಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಅವಳಿಗೆ ಅದು ಸರಿಯಾಗುವವರೆಗೆ ಏನೂ ಕಾಣಿಸುವುದಿಲ್ಲ. ಮನೆಯೊಳಗೆ ನಿಮಗೆ ಎಲ್ಲ ಸಿಗುತ್ತಿರುತ್ತದೆ. ಬ್ಯಾಟರಿ ಪೂರ್ತಿ ಇಳಿದು ಲ್ಯಾಪ್‌ಟಾಪ್ ಆರಿದರೆ, ಕರೆಂಟ್ ಬಂದ ಮೇಲೂ ಅದು ತಾನಾಗಿ ಹೊತ್ತಿಕೊಳ್ಳದೇ ಇರಬಹುದು. ಹೆಚ್ಚಿನ ಲ್ಯಾಪ್‌ಟಾಪುಗಳು ಹಾಗೇ. ಯಾವ ಬಟನ್ ಅಂತ ಆಯಿಗೆ ತೋರಿಸಿಡಿ.

ಕೊನೆಗೆ ರೇಡ್. ಎರಡು ಡಿಸ್ಕಿನ ರೇಡ್ ಅಂದರೆ ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರುವುದು. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಿರಲಿ ಅಂತ ಅದು ಇರುವುದು. ನೀವು ತಪ್ಪಿ ಒಂದು ಆಲ್ಬಮ್ ಅಳಿಸಿದರೆ ಎರಡರಲ್ಲೂ ಹೋಯಿತು. ಸಿಡಿಲು ಬಂದರೆ ಎರಡೂ ಸುಡುತ್ತವೆ, ಯಾಕೆಂದರೆ ಎರಡೂ ಒಂದೇ ವಯರಿಗೆ ತಗುಲಿವೆ. ಅಪ್ಪಯ್ಯನ ಮಾತಿಗೆ ಉತ್ತರ ರೇಡ್‌ನಲ್ಲಿ ಇಲ್ಲ, ಗೋಡೆಯಿಂದ ಕಳಚಿಟ್ಟ ಡಿಸ್ಕಿನಲ್ಲಿದೆ.

ಅದೇ ದುಡ್ಡಿಗೆ ಎರಡು ಬೇರೆ ಬೇರೆ ಡಿಸ್ಕ್ ತಗೊಳ್ಳಿ. ಒಂದನ್ನು ವಾರಕ್ಕೊಮ್ಮೆ ಜೋಡಿಸಿ ಬ್ಯಾಕಪ್ ತೆಗೆದು, ಕಳಚಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಇನ್ನೊಂದು ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿರಲಿ. ಚೌತಿಗೆ, ದೀಪಾವಳಿಗೆ ಅವಳು ಬರುವಾಗ ತರಲಿ, ಹೋಗುವಾಗ ಹೊಸತಾಗಿ ತುಂಬಿದ್ದನ್ನು ಒಯ್ಯಲಿ. ಇಂಟರ್ನೆಟ್ ಮೂಲಕವೇ ಕಳಿಸೋಣ ಅಂದರೆ 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 300 ಜಿಬಿ ಹೋಗಲು 33 ಗಂಟೆ ಬೇಕು, ಅದೂ ಕರೆಂಟ್ ಒಮ್ಮೆಯೂ ಕೈಕೊಡದಿದ್ದರೆ. ಬಸ್ಸಿನಲ್ಲಿ ಡಿಸ್ಕ್ ಬೇಗ ಹೋಗುತ್ತದೆ. ರೆಸ್ಟಿಕ್ ಅನ್ನುವ ಬ್ಯಾಕಪ್ ತಂತ್ರಾಂಶ ಬಳಸಿ, ಬ್ಯಾಕಪ್ ಪಾಸ್‌ವರ್ಡ್ ಹಾಕಿಕೊಂಡೇ ಹೋಗುತ್ತದೆ, ಡಿಸ್ಕ್ ದಾರಿಯಲ್ಲಿ ಕಳೆದರೂ ಯಾರಿಗೂ ಓದಲು ಬರುವುದಿಲ್ಲ. ಆ ಪಾಸ್‌ವರ್ಡ್ ನೀವು ಮರೆತರೆ ನಿಮಗೂ ಬರುವುದಿಲ್ಲ. ಕಾಗದದ ಮೇಲೆ ಬರೆದು ಮನೆಯ ಜಮೀನು ಪತ್ರಗಳ ಜತೆ ಇಡಿ.

ಬರೀ ಫೋಟೊ ಫೋಲ್ಡರ್ ನಕಲು ಮಾಡಿದರೆ ಸಾಲದು. ಆಲ್ಬಮ್, ಮುಖಗಳ ಹೆಸರು ಎಲ್ಲ ಇಮ್ಮಿಚ್ಚಿನ ಡೇಟಾಬೇಸಿನಲ್ಲಿರುತ್ತದೆ. ಅದು ದಿನಾ ತನ್ನದೇ ಬ್ಯಾಕಪ್ಸ್ ಫೋಲ್ಡರಿನಲ್ಲಿ ಡೇಟಾಬೇಸಿನ ಪ್ರತಿ ಬರೆದಿಡುತ್ತದೆ, ಆ ಫೋಲ್ಡರೂ ನಿಮ್ಮ ಬ್ಯಾಕಪ್ಪಿನಲ್ಲಿ ಬರುತ್ತಿದೆಯಾ ನೋಡಿ. ಒಂದು ಸಲ ಬೇರೆ ಕಂಪ್ಯೂಟರಿನಲ್ಲಿ ಆ ಡಿಸ್ಕಿನಿಂದ ನಾಲ್ಕು ಫೋಟೊ ವಾಪಸ್ ತೆಗೆದು ನೋಡಿ. ಹಾಗೆ ತೆಗೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗೂಗಲ್ ಜಾಗ ಖಾಲಿ ಮಾಡುವ ತುರ್ತು ನನಗೆ ಅರ್ಥವಾಗುತ್ತದೆ, ತುಂಬಿದರೆ ಜಿಮೇಲಿಗೆ ಮೇಲ್ ಬರುವುದೂ ನಿಲ್ಲುತ್ತದೆ. ಆದರೆ 2021ರ ಜೂನ್ 1ಕ್ಕಿಂತ ಮುಂಚೆ "ಹೈ ಕ್ವಾಲಿಟಿ"ಯಲ್ಲಿ ಹಾಕಿದ ಫೋಟೊಗಳು ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಅಳಿಸಿದರೆ ಒಂದು ಎಂಬಿಯೂ ಸಿಗುವುದಿಲ್ಲ, ಫೋಟೊ ಮಾತ್ರ ಹೋಗುತ್ತದೆ. ಅವು ಕುಗ್ಗಿಸಿದ ಪ್ರತಿಗಳೂ ಹೌದು, ಹಳೇ ಫೋನಿನಲ್ಲಿ ಮೂಲ ಫೈಲ್ ಇದ್ದರೆ ಇಮ್ಮಿಚ್ಚಿಗೆ ಅದನ್ನೇ ಹಾಕಿ. ಗೂಗಲ್‌ನಿಂದ ಟೇಕ್‌ಔಟ್ ಮಾಡಿದ (ಅಂದರೆ ಒಟ್ಟಿಗೆ ಇಳಿಸಿಕೊಂಡ) ಫೈಲುಗಳನ್ನು ಸೀದಾ ಸುರಿಯಬೇಡಿ, ಕೆಲವಕ್ಕೆ ತಾರೀಕು ಬೇರೆ ಜೇಸನ್ ಫೈಲಿನಲ್ಲಿರುತ್ತದೆ. ಇಮ್ಮಿಚ್-ಗೋ ಅನ್ನುವ ಸಾಧನ ಎರಡನ್ನೂ ಹೊಂದಿಸುತ್ತದೆ. ಸದ್ಯಕ್ಕೆ ಜಾಗ ಬೇಕಾದರೆ 2021ರ ಜೂನ್ ನಂತರ ಹಾಕಿದ ದೊಡ್ಡ ವಿಡಿಯೊಗಳನ್ನು ಮಾತ್ರ, ಎರಡೂ ಡಿಸ್ಕಿನಲ್ಲಿ ತೆರೆಯುತ್ತದೆ ಅಂತ ನೋಡಿಕೊಂಡ ಮೇಲೆ, ಅಳಿಸಿ. ಅಳಿಸುವಾಗ ಬ್ರೌಸರಿನಲ್ಲಿ ಮಾಡಿ, ಫೋನಿನ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಲ್ಲಿರುವ ಪ್ರತಿಯೂ ಜತೆಗೇ ಹೋಗಬಹುದು.